ನಾಯಿಮರಿಯ ಅನ್ನ, ನಾಯಿಮರಿಯ ವಿಮೆ



1832ರಲ್ಲಿ ಮುಂಬಯಿಯ ಬೀದಿನಾಯಿಗಳನ್ನು ಕೊಲ್ಲಿಸಲು ಬ್ರಿಟಿಷ್ ಆಡಳಿತ ಹೊರಟಾಗ ಪಾರ್ಸಿಗಳೊಡನೆ ಜೈನರೂ ಹಿಂದೂಗಳೂ ಅಂಗಡಿ ಮುಚ್ಚಿ ಪ್ರತಿಭಟಿಸಿದರು. ಎರಡು ವರ್ಷಗಳ ತರುವಾಯ ಸ್ಥಾಪನೆಯಾದ ಮುಂಬಯಿ ಪಾಂಜರಾಪೋಳಕ್ಕೆ ಸರ್ ಜಮ್ಶೆಟ್‌ಜೀ ಜೀಜೀಭಾಯಿಯವರ ಜೊತೆ ಜೈನ ಶೇಠರೂ ಹಣ ಹೂಡಿದರು. ಅದೇ ನಗರದ ಕನ್ನಡಿಗ ಜೈನ ಮನೆಗಳಿಗೆ ಇಂದು ಲ್ಯಾಬ್ರಡಾರ್ ಮರಿಗಳು ಬರುತ್ತಿವೆ. ಸಂತೋಷದ ಸಂಗತಿ. ಆದರೆ ಮರಿ ಏನನ್ನು ತಿನ್ನಬೇಕು, ಅದರ ಕಾಯಿಲೆಯ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆಗಳು ಮಾತ್ರ ಮರಿ ಮನೆಗೆ ಬಂದ ಮೇಲೆ ಏಳುತ್ತವೆ.

ಮೊದಲನೆಯ ಪ್ರಶ್ನೆಯೇ ಕಠಿಣವಾದುದು. ಮಾಂಸ, ಮೊಟ್ಟೆ ಹೊಸ್ತಿಲು ದಾಟದ ಮನೆಯಲ್ಲಿ ಮರಿಗೆ ದೊರೆಯುವುದು ಸಾಮಾನ್ಯವಾಗಿ ಹಾಲು-ಅನ್ನ, ಹಾಲಿನಲ್ಲಿ ನೆನೆಸಿದ ಚಪಾತಿ. ನಾಯಿ ಸಸ್ಯಾಹಾರದಲ್ಲಿ ಬದುಕಲಾರದು ಎಂಬ ಮಾತು ಪೂರ್ಣ ಸತ್ಯವಲ್ಲ. ಪಿಷ್ಟವನ್ನು ಜೀರ್ಣಿಸುವ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಹಲವು ಪಟ್ಟು ಹೆಚ್ಚಿವೆ ಎಂದು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಮನುಷ್ಯನ ಎಂಜಲನ್ನ ಉಂಡು ನಾಯಿ ನಾಯಿಯಾಯಿತು. ಬೆಕ್ಕಿನ ವಿಷಯ ಹಾಗಲ್ಲ. ಅದಕ್ಕೆ ಬೇಕಾದ ಟಾರಿನ್, ಎ ಜೀವಸತ್ವಗಳು ಸಹಜವಾಗಿ ಮಾಂಸದಿಂದಲೇ ಬರತಕ್ಕವು. ಸಸ್ಯಾಹಾರಿ ಮನೆಯವರು ಬೆಕ್ಕನ್ನು ತರದಿರುವುದೇ ಲೇಸು.

ಆದರೆ ಸಸ್ಯಾಹಾರ ಸಾಧ್ಯ ಎಂದರೆ ಹಾಲು-ಅನ್ನ ಸಾಕು ಎಂದರ್ಥವಲ್ಲ. ಅಮೆರಿಕದ ಪಶು ಆಹಾರ ಅಧಿಕಾರಿಗಳ ಸಂಘದ ಮಾನದಂಡದಂತೆ, ತೇವಾಂಶ ಕಳೆದು ಲೆಕ್ಕ ಹಾಕಿದಾಗ, ಬೆಳೆಯುವ ಮರಿಯ ಆಹಾರದಲ್ಲಿ ಕನಿಷ್ಠ ಶೇ. 22.5 ಪ್ರೋಟೀನ್ ಇರಬೇಕು. ಬೆಳೆದ ನಾಯಿಗೆ ಶೇ. 18 ಸಾಕು. ಕ್ಯಾಲ್ಸಿಯಂ ಮರಿಗೆ ಶೇ. 1.2, ಬೆಳೆದ ನಾಯಿಗೆ 0.5. ಅಕ್ಕಿಯಲ್ಲಿರುವ ಪ್ರೋಟೀನ್ ಶೇ. 7-8ರಷ್ಟು, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಹಾಲು ಹೆಚ್ಚಾದರೆ ಅನೇಕ ಮರಿಗಳಿಗೆ ಭೇದಿಯಾಗುತ್ತದೆ. ನಾಯಿಯ ಚರ್ಮ ಬಿಸಿಲಿನಿಂದ ಸಾಕಷ್ಟು ಡಿ ಜೀವಸತ್ವವನ್ನು ತಯಾರಿಸಲಾರದು, ಅದೂ ಆಹಾರದಲ್ಲೇ ಬರಬೇಕು. ಇವಿಲ್ಲದೆ ಬೆಳೆದ ಮರಿಯ ಮೂಳೆ ಮೆತ್ತಗಾಗಿ ಕಾಲು ಬಾಗುತ್ತದೆ. ಗಾಬರಿಗೊಂಡು ವೈದ್ಯರನ್ನು ಕೇಳದೆ ಕ್ಯಾಲ್ಸಿಯಂ ಮಾತ್ರೆ ಸುರಿಯುವವರೂ ಇದ್ದಾರೆ. ದೊಡ್ಡ ತಳಿಯ ಮರಿಗೆ ಅತಿಯಾದ ಕ್ಯಾಲ್ಸಿಯಂ ಕೂಡ ಮೂಳೆ, ಕೀಲುಗಳ ವಿಕಾರವನ್ನೇ ತರುತ್ತದೆ.

ಜೈನರ ಅಡುಗೆಮನೆಗೆ ಇಲ್ಲಿ ಒಂದು ಅನುಕೂಲವಿದೆ: ನಾಯಿಯ ರಕ್ತಕಣಗಳನ್ನು ನಾಶಮಾಡುವ ಈರುಳ್ಳಿ, ಬೆಳ್ಳುಳ್ಳಿಗಳು ನಿಷ್ಠಾವಂತರ ಮನೆಯಲ್ಲಿ ಇರುವುದೇ ಇಲ್ಲ. ಆದರೆ ಪಾಯಸದ ಒಣದ್ರಾಕ್ಷಿ ಅದರ ಮೂತ್ರಪಿಂಡಕ್ಕೆ ವಿಷ. ಇನ್ನು ಅನಸ್ತಮಿತದ ನಿಯಮ. ಸೂರ್ಯಾಸ್ತಕ್ಕೆ ಮುನ್ನ ಉಣಿಸಿದರೆ ಆರೇಳು ತಿಂಗಳ ಮರಿ ಬೆಳಗಿನವರೆಗೆ ತಾಳಬಲ್ಲದು. ಎರಡು ತಿಂಗಳ ಪುಟ್ಟ ತಳಿಯ ಮರಿಗೆ ಹನ್ನೆರಡು ಗಂಟೆಯ ಉಪವಾಸದಿಂದ ರಕ್ತದ ಸಕ್ಕರೆ ಕುಸಿಯಬಹುದು. ವ್ರತ ತೊಟ್ಟವರು ಮನೆಯವರು, ಮರಿಯಲ್ಲ.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಹೇಳುವ ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು. 1960ರ ಪ್ರಾಣಿಹಿಂಸಾ ತಡೆ ಕಾಯಿದೆಯ 11ನೆಯ ಸೆಕ್ಷನ್ ಕೂಡ ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ ಕೊಡದಿರುವುದನ್ನು ಕ್ರೌರ್ಯವೆನ್ನುತ್ತದೆ. ಹೊಟ್ಟೆ ತುಂಬಿಸಿ ಮೂಳೆಯನ್ನು ಉಪವಾಸ ಕೆಡವುವುದು ನಿರೋಧವಲ್ಲವೇ? ಮಾಂಸದ ಆಹಾರ ತರಲು ಒಪ್ಪದಿರುವುದು ತಪ್ಪಲ್ಲ. ಅದಕ್ಕೆ ಸಮನಾದುದನ್ನು ಒದಗಿಸದೆ ಮರಿಯನ್ನು ತರುವುದು ತಪ್ಪು. ಪೊಟ್ಟಣದ ಮೇಲೆ ಸಸ್ಯಾಹಾರವೆಂದು ಬರೆದಿದ್ದರೆ ಸಾಲದು, ಬೆಳೆಯುವ ಮರಿಗೆ ಸಂಪೂರ್ಣ ಆಹಾರವೆಂದೂ ಇರಬೇಕು. ಬೆಳೆದ ನಾಯಿಗಾಗಿ ಮಾಡಿದುದು ಮರಿಗೆ ಆಗದು. ಅಂಥದು ಸಿಗದಿದ್ದರೆ, ಪಶುವೈದ್ಯರ ನಿಗಾದಲ್ಲಿ ಆಹಾರ ಹೊಂದಿಸಲಾಗದಿದ್ದರೆ, ಆಶ್ರಯಧಾಮದಿಂದ ಬೆಳೆದ ನಾಡನಾಯಿಯೊಂದನ್ನು ತರಬಹುದು. ಅದರ ಅಗತ್ಯ ಕಡಿಮೆ, ಅದಕ್ಕೆ ಮನೆಯ ಅಗತ್ಯ ಹೆಚ್ಚು.

ವಿಮೆಯ ವಿಚಾರ ಇಷ್ಟು ಜಟಿಲವಲ್ಲ. ಭಾರತದಲ್ಲಿ ಸಾರ್ವಜನಿಕ ವಲಯದ ನ್ಯೂ ಇಂಡಿಯಾ ಅಶ್ಯೂರೆನ್ಸ್‌ನಿಂದ ಹಿಡಿದು ಖಾಸಗಿ ಕಂಪನಿಗಳವರೆಗೆ ನಾಯಿಗೆ ಪಾಲಿಸಿ ಕೊಡುತ್ತವೆ. ಅದರ ಪ್ರೀಮಿಯಮ್ಮಿಗೆ ಆರೋಗ್ಯ ವಿಮೆಯ ಆದಾಯ ತೆರಿಗೆ ವಿನಾಯಿತಿ ಇಲ್ಲ; ಅದು ಸಿಗುವುದು ತನ್ನ, ಸಂಗಾತಿಯ, ಅವಲಂಬಿತ ಮಕ್ಕಳ, ತಂದೆತಾಯಿಯ ವಿಮೆಗೆ ಮಾತ್ರ. ಓದಬೇಕಾದುದು ಹೊರಗಿಟ್ಟವುಗಳ ಪಟ್ಟಿಯನ್ನು. ಮೊದಲೇ ಇದ್ದ ಕಾಯಿಲೆ, ಕಾಯುವ ಅವಧಿಯೊಳಗೆ ಬಂದ ಕಾಯಿಲೆ, ಲಸಿಕೆ ಹಾಕಿಸದೆ ಬಂದ ಪಾರ್ವೊ, ಡಿಸ್ಟೆಂಪರ್ ಮುಂತಾದವಕ್ಕೆ ಸಾಮಾನ್ಯವಾಗಿ ಹಣ ಬರುವುದಿಲ್ಲ. ಮಾಲೀಕರ ನಿರ್ಲಕ್ಷ್ಯದಿಂದ ಬಂದ ತೊಂದರೆಗೂ ಅಷ್ಟೇ. ಹಾಲು-ಅನ್ನದಿಂದ ಬಾಗಿದ ಕಾಲಿನ ಬಿಲ್ಲನ್ನು ಮನೆಯವರೇ ತೆರಬೇಕಾಗಬಹುದು.

ಸಣ್ಣ ಚಿಕಿತ್ಸೆಗಳಿಗೆ ತಿಂಗಳಿಗೆ ಸಾವಿರ ರೂಪಾಯಿಯ ಆರ್‌.ಡಿ. ಇಟ್ಟರೂ ವರ್ಷಕ್ಕೆ 12,000 ಕೂಡುತ್ತದೆ. ಆರೋಗ್ಯದ ಭಾಗಕ್ಕಿಂತ ಮುಖ್ಯವಾದುದು, ಕೆಲವು ಪಾಲಿಸಿಗಳಲ್ಲಿರುವ ಮೂರನೆಯವರ ಹೊಣೆಯ ರಕ್ಷಣೆ. ನಾಯಿ ಲಿಫ್ಟಿನಲ್ಲಿ ನೆರೆಮನೆಯ ಮಗುವನ್ನು ಕಚ್ಚಿದರೆ ಪರಿಹಾರದ ಮೊತ್ತ ಆರ್‌.ಡಿ.ಯನ್ನು ಒಂದೇ ದಿನದಲ್ಲಿ ನುಂಗಬಹುದು. ಭಾರತೀಯ ನ್ಯಾಯ ಸಂಹಿತೆಯ 291ನೆಯ ಸೆಕ್ಷನ್ನಿನಡಿ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡವೂ ಸಾಧ್ಯ. ಆ ದಂಡವನ್ನು ಯಾವ ವಿಮೆಯೂ ತುಂಬದು. ಲಸಿಕೆಯ ಕಾರ್ಡು, ಮಹಾನಗರ ಪಾಲಿಕೆಯ ಪರವಾನಗಿ, ವೈದ್ಯರು ಬರೆದುಕೊಟ್ಟ ಆಹಾರದ ಚೀಟಿ, ಇವು ಮೂರೂ ಪಾಲಿಸಿಯ ಕಡತದಲ್ಲೇ ಇರಲಿ. ಕ್ಲೇಮು ಸಲ್ಲಿಸುವ ದಿನ ಕಂಪನಿಯವರು ಮೊದಲು ಕೇಳುವುದು ಲಸಿಕೆಯ ಕಾರ್ಡನ್ನೇ.