ಹೊಳೆಯವರ ಮಾತು, ಮಕ್ಕಳ ಪುಸ್ತಕ
(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವನ್ಯಜೀವಿ ಎಂದೊಡನೆ ನಮ್ಮ ಮಕ್ಕಳ ಕಣ್ಣಮುಂದೆ ಹುಲಿ, ಆನೆಗಳು ಬಂದು ನಿಲ್ಲುತ್ತವೆ. ನಾವು ಇಂದು ಹೇಳಹೊರಟಿರುವುದಾದರೋ ನಮ್ಮ ಹೊಳೆಯ ಮರಳಿನಲ್ಲಿಯೇ ಅಡಗಿರುವ ಒಂದು ಪ್ರಾಣಿಯ ವಿಚಾರ.

ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯದ ಮಾರ್ಗವಾಗಿ ಕಾಸರಗೋಡಿಗೆ ಇಳಿದುಬರುವ ಪಯಸ್ವಿನಿಯೇ ನಮ್ಮ ಚಂದ್ರಗಿರಿ ಹೊಳೆ. ಇದರಲ್ಲಿ ಮೆದುಚಿಪ್ಪಿನ ಒಂದು ಭಾರಿ ಆಮೆಯುಂಟು. ಬಲಿತರೆ ಒಂದು ಮೀಟರಿನಷ್ಟು ಉದ್ದ, 100 ಕಿಲೋಗ್ರಾಮಿನಷ್ಟು ತೂಕ. ಶಾಸ್ತ್ರಜ್ಞರು ಇದನ್ನು ಕ್ಯಾಂಟರನ ದೈತ್ಯ ಆಮೆ ಎನ್ನುತ್ತಾರೆ. ಮಲಯಾಳದಲ್ಲಿ ಪಾಲಪ್ಪೂವನ್ ಎಂಬ ಚೆಲುವಾದ ಹೆಸರುಂಟು. ಆಯುಷ್ಯದ ಬಹುಭಾಗವನ್ನು ಅದು ಮರಳಿನಲ್ಲಿ ಹುದುಗಿ, ಅಲುಗಾಡದೆ ಕಳೆಯುತ್ತದೆ. ಉಸಿರಿಗಾಗಿ ಎಂದೋ ಒಮ್ಮೆ ಮೇಲೆ ಬರುತ್ತದೆ. ನಾಲ್ಕು ದಿನ ಬಂದುಹೋಗುವ ಪಂಡಿತರಿಗೆ ಇಂತಹ ಪ್ರಾಣಿ ಕಾಣುವುದಾದರೂ ಹೇಗೆ?

ಆಯುಷಿ ಜೈನ್ ಎಂಬ ಸಂಶೋಧಕಿ ಈ ಕಾರಣದಿಂದಲೇ ಮೊದಲು ಹೊಳೆಯ ದಂಡೆಯವರನ್ನು ಆಶ್ರಯಿಸಿದರು. ಎಲ್ಲಿ ಕಂಡಿರಿ, ಯಾವಾಗ ಕಂಡಿರಿ, ಮೊದಲಿಗಿಂತ ಕಡಿಮೆಯಾಗಿದೆಯೇ ಎಂದು ವಿಚಾರಿಸಿದರು. ಬಲೆಗೆ ಬಿದ್ದ ಆಮೆಯನ್ನು ಕೊಂದು ತಿಂದ ಸಂಗತಿಯೂ ಇಂತಹ ವಿಚಾರಣೆಯಲ್ಲಿ ಹೊರಬರುವುದುಂಟು; ಅದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಆಮೆ ಸಿಕ್ಕಿದೊಡನೆ ಸುದ್ದಿ ಮುಟ್ಟಿಸುವ ಒಂದು ಬಳಗವೇ ಹಳ್ಳಿಗಳಲ್ಲಿ ಏರ್ಪಟ್ಟಿತು. ಹೀಗೆ ಮೊಟ್ಟೆಯಿಡುವ ಹೆಣ್ಣಾಮೆ ದಾಖಲೆಗೆ ಬಂದಿತು. ನೀರು ನುಗ್ಗಿದ ಗೂಡುಗಳಿಂದ ಮೊಟ್ಟೆಗಳನ್ನು ಎತ್ತಿ, ಮರಿಗಳನ್ನು ಹೊಳೆಗೆ ಬಿಡಲಾಯಿತು. ಈ ವೃತ್ತಾಂತ 2024ರಲ್ಲಿ ‘ಓರಿಕ್ಸ್’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೊಳೆಯವರು ತಲೆಮಾರುಗಳಿಂದ ಬಲ್ಲ ಪ್ರಾಣಿ. ಅವರನ್ನು ಕೇಳಿ ಬರೆದುಕೊಂಡವರು ಮಾತ್ರ ಇರಲಿಲ್ಲ!

ನಮ್ಮ ಜಿಲ್ಲೆಯ ಪೆರಿಯದ ನೀರಿನಲ್ಲಿ ಅರಳುವ ಒಂದು ಬಿಳಿಯ ಹೂವಿನ ಗಿಡವೂ ಹಾಗೆಯೇ. ಅದು ಹೊಸ ಜಾತಿಯೆಂದು ಶಾಸ್ತ್ರಲೋಕಕ್ಕೆ ತಿಳಿದದ್ದು 1990ರಲ್ಲಿ.

ಬರೆಯುವುದಕ್ಕೂ ಒಂದು ಕ್ರಮ ಬೇಕು. 2015ರಿಂದ 2020ರ ವರೆಗೆ ಕೇರಳದಲ್ಲಿ ನಡೆದ ಪಕ್ಷಿ ಸಮೀಕ್ಷೆಯಲ್ಲಿ ಸಾವಿರಕ್ಕೂ ಮಿಕ್ಕ ಸ್ವಯಂಸೇವಕರು ದುಡಿದರು. ನಾಡನ್ನು ನಕ್ಷೆಯಲ್ಲಿ ಚೌಕಗಳಾಗಿ ವಿಂಗಡಿಸಿ, ಆರಿಸಿದ ಚೌಕಗಳಿಗೆ ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಹೋಗಿ, ಹದಿನೈದು ಹದಿನೈದು ನಿಮಿಷ ಎಣಿಸಿ ಪಟ್ಟಿ ಮಾಡಿದರು. ಸುಮಾರು 25,000 ಪಟ್ಟಿಗಳಾದವು. 361 ಜಾತಿಯ ಪಕ್ಷಿಗಳು ಲೆಕ್ಕಕ್ಕೆ ಬಂದವು. ಅಂದವಾದ ಹಕ್ಕಿಯನ್ನು ಹುಡುಕಿಕೊಂಡು ಹೋದುದಲ್ಲ. ಚೀಟಿಯಲ್ಲಿ ಬಂದ ಜಾಗಕ್ಕೆ ಹೋಗಿ, ಕಾಗೆಯಿದ್ದರೆ ಕಾಗೆಯನ್ನೇ ಎಣಿಸುವುದು. ಇದರಲ್ಲಿ ಬೇಸರವುಂಟು, ಸುಳ್ಳಿಲ್ಲ. ಮುಂದೊಂದು ದಿನ ಕಾಗೆ ಕಡಿಮೆಯಾದರೆ ಅದನ್ನು ತೋರಿಸಿಕೊಡುವುದೂ ಈ ಬೇಸರದ ಲೆಕ್ಕವೇ.

ಮಕ್ಕಳೇ, ನಿಮ್ಮ ಪುಸ್ತಕದಲ್ಲಿ ದಿನ, ಗಂಟೆ, ಸ್ಥಳ, ಸಂಖ್ಯೆ ಇವಿಷ್ಟು ತಪ್ಪದೆ ಇರಲಿ. ಗುರುತು ಸಿಕ್ಕದಿದ್ದರೆ ‘ತಿಳಿಯದು’ ಎಂದೇ ಬರೆಯಿರಿ; ಊಹೆಯ ಹೆಸರು ಬೇಡ. ಹಿಡಿಯುವುದು, ಗೂಡಿಗೆ ಕೈಹಾಕುವುದು ಸರ್ವಥಾ ಕೂಡದು. ಆಮೆಯ ಗೂಡು ಕಂಡರೆ ಊರೆಲ್ಲ ಸಾರಬೇಡಿರಿ, ಗುರುಗಳಿಗೆ ತಿಳಿಸಿರಿ. ಮೊಬೈಲಿನಲ್ಲಿ ಚಿತ್ರ ತೆಗೆದು ಐನ್ಯಾಚುರಲಿಸ್ಟಿಗೆ ಕಳುಹಿಸುವ ಅನುಕೂಲ ಈಗುಂಟು. ಚಿತ್ರಕ್ಕೆ ಅಜ್ಜಿ ಹೇಳಿದ ಹೆಸರು ಅಂಟಿಕೊಂಡು ಬರುವುದಿಲ್ಲ, ಅದನ್ನು ನೀವೇ ಬರೆಯಬೇಕು. ನಮ್ಮ ಮನೆಗಳಲ್ಲಿ ಕನ್ನಡ, ತುಳು, ಹವ್ಯಕ, ಕೊಂಕಣಿ, ಮಲಯಾಳ, ಮರಾಠಿಗಳೆಲ್ಲವೂ ಇವೆ. ಒಂದೇ ಹಕ್ಕಿಗೆ ಐದು ಹೆಸರು ದೊರೆತರೆ ಐದನ್ನೂ ಬರೆಯಿರಿ, ಹೇಳಿದವರ ಭಾಷೆ ಯಾವುದೆಂಬುದನ್ನೂ ಸೇರಿಸಿರಿ.

ತಾಯಿತಂದೆಗಳಲ್ಲಿ ನಮ್ಮದೊಂದು ಬಿನ್ನಹ. ಹೊಳೆಯಲ್ಲಿ ದೋಣಿ ನಡೆಸಿದವರು, ಬಲೆ ಬೀಸಿದವರು ನಿಮ್ಮ ಮನೆಯಲ್ಲಿದ್ದರೆ, ಈ ರಜೆಯಲ್ಲಿ ಮಕ್ಕಳನ್ನು ಅವರ ಬಳಿ ಒಂದು ಸಂಜೆ ಕೂರಿಸಿರಿ. ಅವರಲ್ಲಿ ಹಲವರಿಗೆ ಈಗ ಎಂಬತ್ತು ದಾಟಿದೆ. ಶಾಲೆ ಪುನಃ ತೆರೆದ ದಿನ ಆ ಪುಸ್ತಕಗಳನ್ನು ನಾವು ಕೇಳಿ ಪಡೆಯಲಿದ್ದೇವೆ.