ಸಭಾಪಾಲಕನ ವ್ಯಾಸಂಗ

ವೈದ್ಯನಾಗುವವನು ಎಷ್ಟು ವರ್ಷ ಓದಬೇಕೆಂಬುದು ಎಲ್ಲರಿಗೂ ಗೊತ್ತು. ಕ್ರೈಸ್ತ ಸಭೆಯೊಂದರ ಪಾಲಕನಾಗುವವನು, ಜನ ಬಾಯಿಮಾತಿನಲ್ಲಿ ಪಾದ್ರಿ ಎನ್ನುವವನು, ಏನನ್ನು ಓದಬೇಕು, ಎಷ್ಟು ಓದಬೇಕು ಎಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿದ ಸಂಗತಿಯಲ್ಲ. ಪ್ರಾರ್ಥನೆ ಮಾಡಿಸುವುದಕ್ಕೆ, ಮದುವೆ ನಡೆಸುವುದಕ್ಕೆ, ಸತ್ತವರನ್ನು ಮಣ್ಣು ಮಾಡುವುದಕ್ಕೆ ಕಾಲೇಜು ಏಕೆ ಎಂದು ಮಿತ್ರರೊಬ್ಬರು ನನ್ನನ್ನು ಕೇಳಿದ್ದುಂಟು. ಆ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೆ ನನಗೆ ಅರ್ಧ ಆಯುಷ್ಯವೇ ಹಿಡಿಯಿತು. ಸಿಕ್ಕಿದ ಅಷ್ಟಿಷ್ಟನ್ನು ಈ ಹೊತ್ತು ತಮ್ಮ ಮುಂದಿಡುತ್ತೇನೆ.

ಈ ವ್ಯಾಸಂಗಕ್ಕೆ ನಮ್ಮ ದೇಶದಲ್ಲಿ ದೀರ್ಘವಾದ ಇತಿಹಾಸವಿದೆ. ಬಂಗಾಳದ ಸೇರಾಂಪುರದಲ್ಲಿ ಕೇರಿ, ಮಾರ್ಷ್‌ಮನ್, ವಾರ್ಡ್ ಎಂಬ ಮೂವರು ಸೇರಿ 1818ರಲ್ಲಿ ಒಂದು ಕಾಲೇಜನ್ನು ಸ್ಥಾಪಿಸಿದರು. ಆಗ ಆ ಊರು ಡೆನ್ಮಾರ್ಕಿನ ಸ್ವಾಧೀನದಲ್ಲಿತ್ತು. ಪದವಿ ನೀಡುವ ಅಧಿಕಾರವನ್ನು 1827ರಲ್ಲಿ ಡೆನ್ಮಾರ್ಕಿನ ದೊರೆಯೇ ಸನದಿನ ಮೂಲಕ ದಯಪಾಲಿಸಿದ. ಮುಂದೆ 1918ರ ಸೇರಾಂಪುರ ಕಾಲೇಜು ಕಾಯಿದೆಯಿಂದ ಆ ಅಧಿಕಾರ ಭದ್ರಗೊಂಡಿತು. ಇಂದಿಗೂ ದೇಶದ ಅನೇಕ ಪ್ರಾಟೆಸ್ಟಂಟ್ ದೈವಶಾಸ್ತ್ರ ಕಾಲೇಜುಗಳು ಸೇರಾಂಪುರದ ಸೆನೆಟ್ಟಿಗೆ ಸೇರಿದವು. ಬೆಂಗಳೂರಿನಲ್ಲಿ 1910ರಲ್ಲಿ ಪ್ರಾರಂಭವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಅವುಗಳಲ್ಲೊಂದು. ಬಿ.ಡಿ. ಪದವಿಗೆ ಓದುವವನು ಹೀಬ್ರೂ, ಗ್ರೀಕ್ ಭಾಷೆಗಳ ಪರಿಚಯ ಮಾಡಿಕೊಳ್ಳುತ್ತಾನೆ. ಬೈಬಲ್ಲಿನ ವಿಮರ್ಶೆ, ಸಭೆಯ ಚರಿತ್ರೆ, ಇತರ ಧರ್ಮಗಳ ಅಧ್ಯಯನ, ನೀತಿಶಾಸ್ತ್ರ ಎಲ್ಲವನ್ನೂ ಓದುತ್ತಾನೆ. ನಾನೂ ಹಾಗೆಯೇ ಓದಿದವನು. ಓದಿದ್ದು ಇಂಗ್ಲಿಷಿನಲ್ಲಿ. ಸಹಪಾಠಿಗಳಲ್ಲಿ ತಮಿಳರು, ಮಲಯಾಳಿಗಳು, ನಾಗಾಗಳು ಇದ್ದುದರಿಂದ ಬೇರೆ ಉಪಾಯವಿರಲಿಲ್ಲ.

ಪದವಿ ಪಡೆದು ತುಮಕೂರಿನ ಕಡೆಯ ಒಂದು ಸಣ್ಣ ಸಭೆಗೆ ಹೋದೆ. ಅಲ್ಲಿಗೆ ಹೋಗಿ ಎರಡು ತಿಂಗಳಾಗಿರಲಿಲ್ಲ. ಕೂಲಿ ಮಾಡುವ ಹೆಣ್ಣುಮಗಳೊಬ್ಬಳ ಮಗು ಜ್ವರದಿಂದ ತೀರಿಕೊಂಡಿತು. ನಾನು ಹೋದಾಗ ಅವಳು ಅಳುತ್ತಿರಲಿಲ್ಲ. ನನ್ನನ್ನು ನೋಡಿ ಒಂದೇ ಮಾತು ಕೇಳಿದಳು: “ಅಯ್ನೋರೆ, ನಾನು ಏನು ಪಾಪ ಮಾಡಿದ್ದೆ?” ಊರಿಗೆ ಬಂದಿದ್ದ ಬೋಧಕನೊಬ್ಬ ಹಿಂದಿನ ವಾರವಷ್ಟೇ, ತಾಯಿಯ ಪಾಪಕ್ಕಾಗಿ ಮಗು ನರಳುತ್ತಿದೆ ಎಂದು ಹೇಳಿ ಹೋಗಿದ್ದನಂತೆ.

ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಕಾಲೇಜಿನಲ್ಲಿ ಯೋಬನ ಗ್ರಂಥದ ಮೇಲೆ ನಾನು ಬರೆದ ಪ್ರಬಂಧಕ್ಕೆ ಒಳ್ಳೆಯ ಅಂಕ ಬಂದಿತ್ತು. ಕಷ್ಟಕ್ಕೆ ಪಾಪವೇ ಕಾರಣವೆಂದು ವಾದಿಸಿದ ಯೋಬನ ಮಿತ್ರರನ್ನು ಕೊನೆಗೆ ದೇವರೇ ಗದರಿಸುತ್ತಾನೆ. ಹುಟ್ಟುಕುರುಡನನ್ನು ಕಂಡು ಪಾಪ ಯಾರದೆಂದು ಶಿಷ್ಯರು ಕೇಳಿದಾಗ ಯೇಸು ಆ ಪ್ರಶ್ನೆಯನ್ನೇ ತಳ್ಳಿಹಾಕಿದ್ದು ಯೋಹಾನನ ಸುವಾರ್ತೆಯಲ್ಲಿದೆ. ಇಷ್ಟೆಲ್ಲ ತಲೆಯಲ್ಲಿತ್ತು, ನಾಲಗೆಯಲ್ಲಿರಲಿಲ್ಲ. ಆ ವಿಚಾರಗಳನ್ನು ನಾನು ಒಮ್ಮೆಯೂ ಕನ್ನಡದಲ್ಲಿ ಯೋಚಿಸಿರಲಿಲ್ಲ. ‘ದೈವೀ ನ್ಯಾಯದ ಸಮಸ್ಯೆ’ ಎಂದೇನೋ ಶುರುಮಾಡಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಬಾಗಿಲ ಬಳಿ ಕುಳಿತಿದ್ದ ಮುದುಕಿಯೊಬ್ಬಳು ಚಾಪೆ ಸರಿಸಿ, “ಕೂತ್ಕಳಿ ಅಯ್ನೋರೆ” ಎಂದಳು. ಕುಳಿತೆ. ಮುದುಕಿ ಎದ್ದುಹೋಗಿ ಆ ತಾಯಿಯ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಆಗ ಅವಳು ಅತ್ತಳು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ, ಓದಿಗಿಂತ ಹೃದಯ ದೊಡ್ಡದು ಎಂಬ ಸುಲಭವಾದ ನೀತಿ ಸಿಗುತ್ತದೆ. ಆದರೆ ಅದು ಅಲ್ಲಿಗೆ ನಿಲ್ಲಲಿಲ್ಲ. ವಾರ ಕಳೆದ ಮೇಲೆ ಆ ಮುದುಕಿಯೇ ನನ್ನ ಮನೆಗೆ ಬಂದಳು. “ಆವಯ್ಯ ಪುಸ್ತಕ ತೆಗೆದು ತೋರಿಸಿಬಿಟ್ಟು ಹೇಳಿದ. ನನಗೆ ಓದು ಬರಲ್ಲ. ಅದರಲ್ಲಿ ಹಂಗೇ ಬರೆದೈತಾ?” ಎಂದು ಕೇಳಿದಳು. ಮಡಿಲು ಕೊಡಬಲ್ಲವಳಿಗೂ ಆ ಬೋಧಕನಿಗೆ ಎದುರುತ್ತರ ಕೊಡುವ ಶಕ್ತಿ ಇರಲಿಲ್ಲ. ಉತ್ತರ ಬಲ್ಲ ನನಗೆ ಸಂತೈಸುವ ಶಕ್ತಿ ಇರಲಿಲ್ಲ. ಪಾದ್ರಿಗೆ ಕಾಲೇಜು ಏಕೆ ಎಂಬ ಪ್ರಶ್ನೆಗೆ ಉತ್ತರ ಆ ದಿನ ನನ್ನ ಹೊಸ್ತಿಲಲ್ಲಿ ನಿಂತಿತ್ತು. ಓದದ ಬೋಧಕ ಒಂದು ವಾಕ್ಯವನ್ನು ಕಲ್ಲಿನಂತೆ ಎಸೆಯಬಲ್ಲ. ಅದನ್ನು ತಡೆಯುವುದಕ್ಕೆ ಓದು ಬೇಕೇ ಬೇಕು.

ಮುಂದಿನ ಕೆಲವು ಸಂಜೆ ಆ ಕೇರಿಯಲ್ಲಿ ಕುಳಿತು ಯೋಬನ ಕಥೆಯನ್ನು ಕನ್ನಡದಲ್ಲಿ ಓದಿದೆ. ಓದಿದ್ದನ್ನು ಮಾತಿನಲ್ಲಿ ಹೇಳಿದೆ. ಮಿತ್ರರು ಬಂದು, ಯೋಬನ ಸ್ಥಿತಿಯನ್ನು ಕಂಡು, ಏಳು ದಿನ ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮಾತಿಲ್ಲದೆ ಕುಳಿತರೆಂಬ ಭಾಗ ಬಂದಾಗ ಮುದುಕಿ ನನ್ನನ್ನು ತಡೆದಳು. ಮಿತ್ರರ ಮುಂದಿನ ವಾದಗಳೆಲ್ಲ ಮುಗಿದ ಮೇಲೆ ಹೇಳಿದಳು: “ಆ ಏಳು ದಿನ ಮಾತ್ರ ಅವರು ನೆಟ್ಟಗಿದ್ದರು, ಅಲ್ವಾ?” ನಾನು ಪ್ರಬಂಧ ಬರೆದದ್ದು ಮಿತ್ರರ ಭಾಷಣಗಳ ಮೇಲೆ. ಅವರ ಮೌನದ ಮೇಲೆ ಒಂದು ಸಾಲನ್ನೂ ಬರೆದಿರಲಿಲ್ಲ.

ಇದರಿಂದ ನಾನು ಕಂಡುಕೊಂಡ ಮಾತು ಒಂದೇ. ಪಾಲಕನ ಉನ್ನತ ವ್ಯಾಸಂಗ ಕಾಲೇಜಿನಲ್ಲಿ ಆರಂಭವಾಗಬಹುದು. ಅದು ಪಕ್ವವಾಗುವುದು ಜನರೊಡನೆ, ಜನರ ನುಡಿಯಲ್ಲಿ ಮತ್ತೊಮ್ಮೆ ಓದಿದಾಗ. ಈ ತಿಳಿವು ನನ್ನೊಬ್ಬನದಲ್ಲ. ಅಮೆರಿಕದ ವೂಸ್ಟರ್ ಎಂಬಲ್ಲಿನ ಮನೋರೋಗಿಗಳ ಆಸ್ಪತ್ರೆಗೆ ಆಂಟನ್ ಬಾಯ್ಸನ್ ಎಂಬ ಪಾದ್ರಿ 1925ರಲ್ಲಿ ದೈವಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆತಂದ. ಹಿಂದೆ ತಾನೂ ಅಂಥ ಆಸ್ಪತ್ರೆಯಲ್ಲಿ ರೋಗಿಯಾಗಿದ್ದವನು ಅವನು. ಗ್ರಂಥಗಳನ್ನು ಓದುವಷ್ಟೇ ಶ್ರದ್ಧೆಯಿಂದ ನೊಂದ ಮನುಷ್ಯರನ್ನೂ ಓದಬೇಕೆಂಬುದು ಅವನ ಆಶಯ. ಆಸ್ಪತ್ರೆಯಲ್ಲಿ ಪಾಲನಾಶಿಕ್ಷಣ ಕೊಡುವ ಪದ್ಧತಿ ಅಲ್ಲಿಂದ ಬೇರೆ ದೇಶಗಳಿಗೂ ಹಬ್ಬಿತು. ಕಥೋಲಿಕ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ ಕೂಡ 1965ರಲ್ಲಿ ಗುರುಶಿಕ್ಷಣದ ಬಗ್ಗೆ ಹೊರಡಿಸಿದ ಆದೇಶದಲ್ಲಿ, ಜನರ ಪಾಲನೆಯೇ ಆ ಶಿಕ್ಷಣದ ಗುರಿಯಾಗಿರಬೇಕೆಂದು ವಿಧಿಸಿತು.

ಭಾಷೆಯ ವಿಷಯದಲ್ಲಿ ಕನ್ನಡಿಗರಾದ ನಾವು ಸ್ವಲ್ಪ ನಾಚಬೇಕಾದ್ದಿದೆ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರಲ್ಲಿ ಮೊಗ್ಲಿಂಗ್ 1843ರಲ್ಲಿ ಕನ್ನಡ ಪತ್ರಿಕೆಯನ್ನೇ ಹೊರಡಿಸಿದ. 1853ರಲ್ಲಿ ಬಂದ ಕಿಟೆಲ್ ನಾಲ್ಕು ದಶಕಗಳ ತರುವಾಯ, 1894ರಲ್ಲಿ, ತನ್ನ ಮಹಾನಿಘಂಟನ್ನು ಪ್ರಕಟಿಸಿದ. ಜರ್ಮನಿಯಿಂದ ಬಂದವರು ದೇವರ ಮಾತನ್ನು ಹೇಳುವುದಕ್ಕೆ ಕನ್ನಡ ಕಲಿತರು. ಕನ್ನಡದಲ್ಲೇ ಹುಟ್ಟಿದ ನಾನು ಅದೇ ಮಾತನ್ನು ಓದುವಾಗ ಕನ್ನಡವನ್ನು ಮರೆತೆ. ಮಂಗಳೂರಿನ ಬಲ್ಮಠದಲ್ಲಿ 1965ರಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆರಂಭವಾಗಿ ಕನ್ನಡದಲ್ಲಿ ದೈವಶಾಸ್ತ್ರದ ಬೋಧನೆಗೆ ನೆಲೆ ದೊರೆತದ್ದು ಆದುದರಿಂದಲೇ ಸಣ್ಣ ಸಂಗತಿಯಲ್ಲ. ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ಅದರಿಂದ ಪಡೆದದ್ದು ಬಹಳ. ಆದರೆ ಪಡೆದದ್ದನ್ನು ಕೇರಿಗೆ ತಲುಪಿಸಲಾರದವನ ಪದವಿ ಪೆಟ್ಟಿಗೆಯಲ್ಲಿಟ್ಟ ಬೀಜದಂತೆ.

ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಶಿಷ್ಯನಿಗಿರುವ ಪದದ ಅರ್ಥ ‘ಕಲಿಯುವವನು’ ಎಂದು. ಪಾಲಕನಿಗಿರುವ ಪದದ ಅರ್ಥ ‘ಕುರಿ ಕಾಯುವವನು’ ಎಂದು. ಇವೆರಡನ್ನೂ ನಾನು ತರಗತಿಯಲ್ಲೇ ಕಲಿತಿದ್ದೆ. ಎರಡೂ ಒಬ್ಬನೇ ಮನುಷ್ಯನ ಹೆಸರಾಗಬೇಕೆಂಬುದನ್ನು ಓದು ಬಾರದ ಆ ಅಜ್ಜಿಯಿಂದ ಕಲಿತೆ.

ಈಗ ನಾನು ನಿವೃತ್ತ. ಆಗೊಮ್ಮೆ ಈಗೊಮ್ಮೆ ಪದವಿ ಮುಗಿಸಿದ ತರುಣ ತರುಣಿಯರು ಕಾಣಲು ಬರುತ್ತಾರೆ. ನಿಮ್ಮ ಪ್ರಬಂಧದ ವಿಷಯವೇನು ಎಂದು ಕೇಳುತ್ತೇನೆ. ಹುರುಪಿನಿಂದ ಇಂಗ್ಲಿಷಿನಲ್ಲಿ ಹೇಳುತ್ತಾರೆ. ಅದನ್ನೇ ಮಗು ಕಳೆದುಕೊಂಡ ತಾಯಿಗೆ ಹೇಳುವಂತೆ ಹೇಳಿ ಎನ್ನುತ್ತೇನೆ. ಕೆಲವರು ತಡವರಿಸುತ್ತಾರೆ. ಒಬ್ಬ ಹುಡುಗಿ ಮಾತ್ರ ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, “ಮೊದಲು ಅವಳ ಹತ್ತಿರ ಕೂರುತ್ತೇನೆ, ಸಾರ್, ಹೇಳುವುದು ಆಮೇಲೆ” ಎಂದಳು. ಅವಳು ಹೋಗುವ ಸಭೆಯ ಬಗ್ಗೆ ನನಗೆ ಚಿಂತೆಯಿಲ್ಲ.