ಬಿಸಿಲು ಬೇಡ, ಬೆಳಕು ಬೇಕು

(ಪದವಿ ಪ್ರದಾನ ಸಮಾರಂಭದಲ್ಲಿ ಪೋಷಕರೊಬ್ಬರು ಮಾಡಿದ ಭಾಷಣ)



ಗುರುಗಳೇ, ಪೋಷಕ ಮಿತ್ರರೇ, ಊರಿನಿಂದ ಬಂದಿರುವ ಅಜ್ಜ ಅಜ್ಜಿಯರೇ, ಇವತ್ತಿನ ನಿಜವಾದ ಅತಿಥಿಗಳಾದ ಮಕ್ಕಳೇ. ಉಪದೇಶ ಬೇಡ, ನಿಮ್ಮ ಕೆಲಸದ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ನಮ್ಮ ಸಂಚಾಲಕರು ಹೇಳಿದ್ದಾರೆ. ಅದೇ ಒಳ್ಳೆಯದಾಯಿತು.

ಇನ್ನೂ ಕಟ್ಟದಿರುವ ಕಟ್ಟಡಗಳ ಒಳಗೆ ಬೆಳಕು ಎಷ್ಟಿರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಹೆಚ್ಚಾಗಿ ಶಾಲೆಗಳು, ಕೆಲವೊಮ್ಮೆ ಲೈಬ್ರರಿಗಳು. ಈ ಕೆಲಸವನ್ನು ವಿವರಿಸಲು ನನಗೆ ಇಂಗ್ಲಿಷಿಗಿಂತ ಕನ್ನಡವೇ ಸುಲಭ. ಆಫೀಸಿನಲ್ಲಿ ನಾವು ‘ಡೈರೆಕ್ಟ್ ಸನ್‌ಲೈಟ್’, ‘ಡಿಫ್ಯೂಸ್ ಡೇಲೈಟ್’ ಎಂದು ಪದಕ್ಕೆ ಪದ ಜೋಡಿಸುತ್ತಾ ಕೂರಬೇಕು. ನಮ್ಮ ಅಜ್ಜಿಗೆ ಆ ಕಷ್ಟ ಇರಲಿಲ್ಲ. ಬಿಸಿಲು ಬೇರೆ, ಬೆಳಕು ಬೇರೆ. ಹಪ್ಪಳ ಒಣಗುವುದು ಬಿಸಿಲಿನಲ್ಲಿ, ಅಕ್ಕಿ ಆರಿಸುವುದು ಬೆಳಕಿನಲ್ಲಿ. ಒಂದು ಒಳ್ಳೆಯ ತರಗತಿಯ ಗುಟ್ಟು ಕೂಡ ಇಷ್ಟೇ: ಡೆಸ್ಕಿನ ಮೇಲೆ ಬಿಸಿಲು ಬೀಳಬಾರದು, ಆದರೆ ಬೆಳಕು ಕೊನೆಯ ಸಾಲಿನವರೆಗೂ ಹೋಗಬೇಕು.

ಬಿಸಿಲನ್ನು ಲೆಕ್ಕ ಹಾಕುವುದು ಸುಲಭ. ಯಾವ ದಿನ, ಯಾವ ಗಂಟೆ, ಯಾವ ಊರು ಎಂದು ಹೇಳಿದರೆ ಸೂರ್ಯ ಎಲ್ಲಿದ್ದಾನೆ ಎಂದು ಗೊತ್ತಾಗುತ್ತದೆ. ಡೆಸ್ಕಿನಿಂದ ಅವನ ಕಡೆಗೆ ಒಂದು ಗೆರೆ ಎಳೆದು, ನಡುವೆ ಏನಾದರೂ ಅಡ್ಡ ಇದೆಯೇ ಎಂದು ನೋಡಿದರೆ ಮುಗಿಯಿತು. ಕಷ್ಟವೆಲ್ಲ ಇರುವುದು ಬೆಳಕಿನಲ್ಲಿ.

ಮಲೆನಾಡು, ಕರಾವಳಿ ಕಡೆಯವರಿಗೆ ಹಳೆಯ ಹೆಂಚಿನ ಮನೆಯ ಅಡುಗೆಮನೆ ನೆನಪಿರಬಹುದು. ಮಾಡಿನ ಹೆಂಚುಗಳ ನಡುವೆ ಒಂದೇ ಒಂದು ಗಾಜಿನ ಹೆಂಚು. ಅದರಿಂದ ಇಳಿದ ಬಿಸಿಲು ನೆಲದ ಮೇಲೆ ಅಂಗೈಯಗಲ ಬೀಳುತ್ತಿತ್ತು, ಅಷ್ಟೇ. ಆದರೂ ಮೂಲೆಯಲ್ಲಿದ್ದ ಉಪ್ಪಿನ ಮರಿಗೆ, ಗೋಡೆಯ ಮೇಲಿನ ಸೌಟು, ಒಲೆಯ ಮುಂದೆ ಕೂತವರ ಮುಖ ಎಲ್ಲವೂ ಕಾಣುತ್ತಿದ್ದವು. ಆ ಮೂಲೆಗೆ ಬೆಳಕು ಕೊಟ್ಟವರು ಯಾರು? ಬಹುಮಟ್ಟಿಗೆ ಆ ಅಂಗೈಯಗಲದ ನೆಲವೇ. ಅದು ಸ್ವತಃ ಉರಿಯುತ್ತಿಲ್ಲ, ಬಿದ್ದದ್ದನ್ನು ಸುತ್ತ ಹಂಚುತ್ತಿದೆ. ಇಂಥದ್ದನ್ನು ನಾವು ಎರಡನೇ ಹಂತದ ಬೆಳಕಿನ ಮೂಲ ಎನ್ನುತ್ತೇವೆ. ನೆಲ ರೆಡ್ ಆಕ್ಸೈಡಿನದಾಗಿದ್ದರೆ ಪಕ್ಕದ ಸುಣ್ಣದ ಗೋಡೆಯ ಬುಡ ಸ್ವಲ್ಪ ಕೆಂಪಗೂ ಕಾಣುತ್ತದೆ. ಬೆಳಕು ತಾನು ಮುಟ್ಟಿದ್ದರ ಬಣ್ಣವನ್ನು ಹೊತ್ತುಕೊಂಡು ಮುಂದೆ ಹೋಗುತ್ತದೆ.

ಮಕ್ಕಳಿಗಾಗಿ ಒಂದು ಮಾತು. 1995ರ ‘ಟಾಯ್ ಸ್ಟೋರಿ’ಯಲ್ಲಿ ಇಂಥ ನೆಲದ ಬೆಳಕನ್ನು ಕಂಪ್ಯೂಟರ್ ತಾನಾಗಿ ಲೆಕ್ಕ ಹಾಕುತ್ತಿರಲಿಲ್ಲ. ಕಲಾವಿದರು ಅಂದಾಜಿನಲ್ಲಿ, ಕಣ್ಣಿಗೆ ಕಾಣದ ಪುಟ್ಟ ದೀಪಗಳನ್ನು ಅಲ್ಲಲ್ಲಿ ಇಡುತ್ತಿದ್ದರು. 2013ರ ‘ಮಾನ್‌ಸ್ಟರ್ಸ್ ಯೂನಿವರ್ಸಿಟಿ’ ಹೊತ್ತಿಗೆ ಅದೇ ಸ್ಟುಡಿಯೋ ಆ ಲೆಕ್ಕವನ್ನು ಯಂತ್ರಕ್ಕೇ ಒಪ್ಪಿಸಿತು. ಸಿನಿಮಾದಲ್ಲಿ ಅಂದಾಜು ನಡೆಯುತ್ತದೆ, ಚೆನ್ನಾಗಿ ಕಂಡರೆ ಸಾಕು. ಕಟ್ಟಡದಲ್ಲಿ ನಡೆಯುವುದಿಲ್ಲ. ಚಿತ್ರದಲ್ಲಿ ಬೆಳಗಿದ ಕೋಣೆ ಕಟ್ಟಿದ ಮೇಲೆ ಕತ್ತಲಾಗಿದ್ದರೆ ಐವತ್ತು ವರ್ಷ ಅಲ್ಲಿ ಮಕ್ಕಳು ಕೂರಬೇಕು.

ಕಟ್ಟಡಗಳಿಗೆ ನಾವು ಬಳಸುವ ಸಾಫ್ಟ್‌ವೇರ್ ಹುಟ್ಟಿದ್ದು ಇಲ್ಲೇ, ನಮ್ಮ ಬೇ ಏರಿಯಾದಲ್ಲಿ. ಬರ್ಕ್ಲಿಯ ಗುಡ್ಡದ ಮೇಲೆ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಇದೆಯಲ್ಲ, ಅಲ್ಲಿ 1980ರ ದಶಕದಲ್ಲಿ ಗ್ರೆಗ್ ವಾರ್ಡ್ ಎಂಬವರು ‘ರೇಡಿಯನ್ಸ್’ ಅನ್ನು ಬರೆಯಲು ಶುರುಮಾಡಿದರು. ಈಗ ಅದು ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಸಾಫ್ಟ್‌ವೇರ್. ಅದು ಕಣ್ಣಿನಿಂದ ಹೊರಟು ಹಿಮ್ಮುಖವಾಗಿ ನಡೆಯುತ್ತದೆ. ಡೆಸ್ಕಿನ ಒಂದು ಚುಕ್ಕೆಗೆ ಬಂದು, ಇಲ್ಲಿಗೆ ಬೆಳಕು ಎಲ್ಲಿಂದ ಬಂತು ಎಂದು ಕೇಳುತ್ತದೆ. ದೀಪಗಳ ಪಟ್ಟಿ ಅದರ ಕೈಯಲ್ಲಿರುತ್ತದೆ. ಅವುಗಳ ಕಡೆಗೆ ನೇರವಾಗಿ ನೋಡುತ್ತದೆ. ಗೋಡೆ, ಸೀಲಿಂಗು, ಕಿಟಕಿಯಾಚೆಯ ಆಕಾಶ ಆ ಪಟ್ಟಿಯಲ್ಲಿಲ್ಲ. ಅವುಗಳಿಗಾಗಿ ಸುತ್ತಲೂ ಗುರಿಯಿಲ್ಲದೆ ಕಿರಣಗಳನ್ನು ಎಸೆದು ಹುಡುಕಬೇಕು.

ಈ ಹುಡುಕಾಟ ಎಷ್ಟು ದುಬಾರಿ ಎಂದು ಒಂದು ಲೆಕ್ಕ ಹೇಳುತ್ತೇನೆ. ಆಕಾಶದಲ್ಲಿ ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ. ಬಯಲಿನಲ್ಲಿ ನಿಂತು ಕಣ್ಣುಮುಚ್ಚಿ ಆಕಾಶಕ್ಕೆ ಕಿರಣ ಎಸೆದರೆ, ಸುಮಾರು 92,000ಕ್ಕೆ ಒಂದು ಮಾತ್ರ ಸೂರ್ಯನಿಗೆ ತಗಲುತ್ತದೆ. ಅದಕ್ಕೇ ಸೂರ್ಯನನ್ನು ಪಟ್ಟಿಯಲ್ಲಿ ಇಟ್ಟಿರುವುದು. ಕಿಟಕಿ ಸೂರ್ಯನಷ್ಟು ಚಿಕ್ಕದಲ್ಲ, ನಿಜ. ಆದರೆ ಕೊನೆಯ ಸಾಲಿನಿಂದ ನೋಡಿದರೆ ಅದೂ ಒಂದು ಸಣ್ಣ ಚೌಕವೇ. ಈ ಡೆಸ್ಕಿನ ಮೂರು ಕಿರಣ ಕಿಟಕಿಗೆ ಬಿದ್ದವು, ಪಕ್ಕದ ಡೆಸ್ಕಿನ ಒಂಬತ್ತು ಬಿದ್ದವು. ಪಕ್ಕಪಕ್ಕದ ಡೆಸ್ಕುಗಳಲ್ಲಿ ಒಂದಕ್ಕಿಂತ ಇನ್ನೊಂದು ಮೂರು ಪಟ್ಟು ಬೆಳಗಿದಂತೆ ಕಂಪ್ಯೂಟರ್ ತೋರಿಸುತ್ತದೆ. ಚಿತ್ರವೆಲ್ಲ ಕಲೆ ಕಲೆ, ಮಳೆಗಾಲದ ಗೋಡೆಯ ಹಾಗೆ.

ಇದಕ್ಕೆ ರೇಡಿಯನ್ಸ್‌ನಲ್ಲಿ ಒಂದು ಉಪಾಯವಿದೆ. ಮೊದಲು ಕಿಟಕಿಯ ಹತ್ತಿರವೇ ಹೋಗಿ ನಿಲ್ಲುತ್ತದೆ. ಕೋಣೆಯೊಳಗೆ ಹೋಗುವ ಒಂದೊಂದು ದಿಕ್ಕಿಗೂ ಎಷ್ಟು ಬೆಳಕು ಹಾಯುತ್ತಿದೆ ಎಂದು ಅಳೆಯುತ್ತದೆ. ಆಚೆಯ ಆಕಾಶ, ಎದುರು ಕಟ್ಟಡ, ಪಾರ್ಕಿಂಗಿನ ಸಿಮೆಂಟು, ನಡುವಿನ ಬ್ಲೈಂಡ್ಸ್ ಎಲ್ಲ ಆ ಅಳತೆಯಲ್ಲಿ ಸೇರಿರುತ್ತವೆ. ಅದನ್ನು ಒಂದು ಕೋಷ್ಟಕವಾಗಿ ಬರೆದಿಟ್ಟು ಕಿಟಕಿಯನ್ನೂ ದೀಪಗಳ ಪಟ್ಟಿಗೆ ಸೇರಿಸಿಬಿಡುತ್ತದೆ. ಆಮೇಲೆ ಕೊನೆಯ ಸಾಲಿನ ಡೆಸ್ಕು ಕತ್ತಲಲ್ಲಿ ತಡಕಾಡಬೇಕಿಲ್ಲ, ನೇರ ಕಿಟಕಿಯನ್ನು ಕೇಳಿದರೆ ಸಾಕು. ಹೀಗೆ ದೀಪವಾದ ಕಿಟಕಿಗೆ ಅದರಲ್ಲಿ ‘ಇಲ್ಲಮ್’ ಎಂದು ಹೆಸರು. ನನ್ನ ಕಿವಿಗೆ ಅದು ಯಾವಾಗಲೂ ‘ಇಲ್ಲಮ್ಮ’ ಎಂದೇ ಕೇಳುವುದು. ದೀಪವೇನೇ? ಇಲ್ಲಮ್ಮ, ಕಿಟಕಿ!

ಹೆಸರು ಸರಿಯಾಗಿಯೇ ಇದೆ. ಕೋಣೆಯ ಮಟ್ಟಿಗೆ ಅದು ದೀಪ. ಆದರೆ ಕಣ್ಣು ನೇರವಾಗಿ ಅದನ್ನೇ ನೋಡಿದರೆ ದೀಪ ಕಾಣುವುದಿಲ್ಲ. ಗಾಜು, ಅದರಾಚೆ ಮರ, ಮರದ ಮೇಲೆ ಆಕಾಶ ಕಾಣುತ್ತವೆ. ಒಂದೇ ವಸ್ತುವಿಗೆ ಎರಡು ವೇಷ. ಇಷ್ಟು ವರ್ಷ ಇದರ ಜೊತೆ ಕೆಲಸ ಮಾಡಿದರೂ ಈ ಯೋಚನೆ ಹೊಳೆದವರ ಬಗ್ಗೆ ನನಗೆ ಬೆರಗು ಕಡಿಮೆಯಾಗಿಲ್ಲ. ಮಿತಿಯೂ ಇದೆ ಅನ್ನಿ. ಇಡೀ ಕಿಟಕಿಗೆ ಒಂದೇ ಕೋಷ್ಟಕ ಆದ್ದರಿಂದ ಕಿಟಕಿಗೆ ತೀರ ಅಂಟಿಕೊಂಡ ಜಾಗದಲ್ಲಿ ಲೆಕ್ಕ ಒರಟಾಗುತ್ತದೆ. ದೊಡ್ಡ ಕಿಟಕಿಯನ್ನು ತುಂಡು ತುಂಡಾಗಿ ಮಾಡಿ ಒಂದೊಂದಕ್ಕೂ ಬೇರೆ ಕೋಷ್ಟಕ ಬರೆಯುತ್ತೇವೆ.

ಇದೆಲ್ಲ ಯಾಕೆ ಮುಖ್ಯ ಎನ್ನುವುದಕ್ಕೆ ಒಂದು ಶಾಲೆಯ ಕತೆ ಹೇಳುತ್ತೇನೆ. ಹೆಸರು ಬೇಡ. ದಕ್ಷಿಣಕ್ಕೆ ಮುಖ ಮಾಡಿದ ತರಗತಿಗಳು. ವಾಸ್ತುಶಿಲ್ಪಿ ಕಿಟಕಿಯ ಮೇಲ್ಭಾಗದಲ್ಲಿ ‘ಲೈಟ್ ಶೆಲ್ಫ್’ ಬರೆದಿದ್ದರು. ನಮ್ಮ ಮನೆಗಳ ಸಜ್ಜಾ ಇದ್ದ ಹಾಗೆ, ಆದರೆ ಕಿಟಕಿಯ ಒಳಬದಿಗೂ ಚಾಚಿದ ಬಿಳಿ ಹಲಗೆ. ಅದು ಕೆಳಗಿನ ಡೆಸ್ಕಿಗೆ ಬಿಸಿಲು ತಾಗದಂತೆ ತಡೆದು, ಅದೇ ಬಿಸಿಲನ್ನು ಸೀಲಿಂಗಿಗೆ ಎಸೆಯುತ್ತದೆ. ಸೀಲಿಂಗಿನಿಂದ ಬೆಳಕು ಹಿಂದಿನ ಸಾಲುಗಳಿಗೆ ಇಳಿಯುತ್ತದೆ. ಖರ್ಚು ಕಡಿಮೆ ಮಾಡುವ ಮಾತು ಬಂದಾಗ, ಹಲಗೆ ಇದ್ದರೆ ತರಗತಿ ಇನ್ನೂ ಕತ್ತಲಾಗುತ್ತದೆ ಎಂದು ಒಂದು ವರದಿ ಮೇಜಿನ ಮೇಲೆ ಬಂತು. ಚಿತ್ರ, ಅಂಕಿ, ಗ್ರಾಫು ಎಲ್ಲ ಇದ್ದವು. ಹಲಗೆ ಹೊಡೆದುಹಾಕಿ, ಟ್ಯೂಬ್‌ಲೈಟ್ ಹಾಕಿ ಎನ್ನುವಲ್ಲಿಗೆ ಮಾತು ಬಂದಿತ್ತು.

ನನಗೆ ಆ ಕಡತ ಬಂದಾಗ ಮೊದಲು ನೋಡಿದ್ದು ಒಂದೇ ಅಂಕಿ: ಬೆಳಕು ಎಷ್ಟು ಸಲ ಪುಟಿಯಬೇಕು ಎಂದು ಕಂಪ್ಯೂಟರಿಗೆ ಹೇಳಿದ್ದಾರೆ? ಒಂದು ಸಲ ಎಂದಿತ್ತು. ಬೆರಳು ಮಡಚಿ ಎಣಿಸಿ ನೋಡಿ. ಸೂರ್ಯನಿಂದ ಹಲಗೆಗೆ, ಹಲಗೆಯಿಂದ ಸೀಲಿಂಗಿಗೆ, ಸೀಲಿಂಗಿನಿಂದ ಡೆಸ್ಕಿಗೆ. ನಡುವೆ ಎರಡು ಪುಟಿತ. ಒಂದೇ ಪುಟಿತ ಎಣಿಸುವ ಕಂಪ್ಯೂಟರಿಗೆ ಆ ಸೀಲಿಂಗಿನ ಬೆಳಕು ಹುಟ್ಟುವುದೇ ಇಲ್ಲ. ಅದರ ಕಣ್ಣಿಗೆ ಹಲಗೆ ಬರೀ ನೆರಳು. ಎರಡು, ಮೂರು, ಐದು ಎಂದು ಏರಿಸಿ, ಕಿಟಕಿಗಳನ್ನು ‘ಇಲ್ಲಮ್’ ಮಾಡಿ ಮತ್ತೆ ನಡೆಸಿದೆವು. ಐದರ ಮೇಲೆ ಹೋಗುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಸೀಲಿಂಗು 80 ಶೇಕಡಾ, ಗೋಡೆ 50, ನೆಲ 20 ಶೇಕಡಾ ಬೆಳಕನ್ನು ಮರಳಿಸುತ್ತವೆ ಎಂದು ಲೆಕ್ಕ ಹಿಡಿಯುವುದು ನಮ್ಮಲ್ಲಿ ರೂಢಿ. ಸರಾಸರಿ ಅರ್ಧ ಎಂದುಕೊಂಡರೂ ಐದು ಪುಟಿತದ ಹೊತ್ತಿಗೆ ಉಳಿಯುವುದು ನೂರಕ್ಕೆ ಮೂರು ಪಾಲು.

ಹಲಗೆಯಿಂದ ಇಡೀ ಕೋಣೆಯ ಬೆಳಕು ಹೆಚ್ಚಾಯಿತು ಎಂದು ನಾನು ಹೇಳುವುದಿಲ್ಲ. ಕಿಟಕಿಯ ಪಕ್ಕದ ಸಾಲಿನಲ್ಲಿ ಕಡಿಮೆಯೇ ಆಯಿತು. ಅದು ಆಗಬೇಕಾದ್ದೇ. ಅಲ್ಲಿ ಕಣ್ಣು ಕೋರೈಸುವ ಬಿಸಿಲಿಗಾಗಿಯೇ ಟೀಚರುಗಳು ಬ್ಲೈಂಡ್ಸ್ ಇಳಿಸುವುದು. ಒಮ್ಮೆ ಇಳಿದ ಬ್ಲೈಂಡ್ಸ್ ವರ್ಷವಿಡೀ ಮೇಲೇಳುವುದಿಲ್ಲ, ಇದು ಎಲ್ಲ ಶಿಕ್ಷಕರಿಗೂ ಗೊತ್ತು. ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ಇದ್ದ ಅಂತರ ಕುಗ್ಗಿತು. ಹಲಗೆ ಉಳಿಯಿತು. ಶಾಲೆ ಶುರುವಾದ ಮೇಲೆ ಒಂದು ಮಧ್ಯಾಹ್ನ ಹೋಗಿ ನೋಡಿದೆ. ಬ್ಲೈಂಡ್ಸ್ ಮೇಲಿದ್ದವು. ದೀಪ ಹಾಕಿರಲಿಲ್ಲ. ಕೊನೆಯ ಸಾಲಿನಲ್ಲಿ ಒಂದು ಹುಡುಗಿ ಪೆನ್ಸಿಲ್ಲಿನಲ್ಲಿ ತೆಳ್ಳಗೆ ಏನೋ ಬರೆಯುತ್ತಿದ್ದಳು.

ಇಷ್ಟು ಹೇಳಿ ಕನ್ನಡ ಶಾಲೆಯ ಮಾತು ಎತ್ತದಿದ್ದರೆ ನೀವು ನನ್ನನ್ನು ಬಿಡುವುದಿಲ್ಲ. ಪೋಷಕರು ನನ್ನ ಹತ್ತಿರ ಆಗಾಗ ಹೇಳುತ್ತಾರೆ, “ನಮ್ಮ ಕನ್ನಡವೇ ಅರ್ಧ ಇಂಗ್ಲಿಷು, ಮಕ್ಕಳಿಗೆ ಏನು ಕಲಿಸೋದು ಸಾರ್?” ರೆಡ್ ಆಕ್ಸೈಡ್ ನೆಲದಿಂದ ಎದ್ದ ಬೆಳಕು ಸ್ವಲ್ಪ ಕೆಂಪಗಿರುತ್ತದೆ. ಅದರಲ್ಲೂ ಅಕ್ಕಿ ಆರಿಸಬಹುದು. ಇಲ್ಲಿನ ಮಕ್ಕಳ ಡೆಸ್ಕಿನಿಂದ ಧಾರವಾಡಕ್ಕೋ ಮೈಸೂರಿಗೋ ನೇರ ಗೆರೆ ಎಳೆಯಲು ಆಗುವುದಿಲ್ಲ. ನಡುವೆ ಒಂದೆರಡು ಪುಟಿತ ಇದ್ದೇ ಇರುತ್ತದೆ. ಅದನ್ನು ಎಣಿಸದೆ ಬರೆದ ವರದಿಗಳಿಗೆ ನಾನು ಕಿವಿಗೊಡುವುದಿಲ್ಲ.

ಕೊನೆಗೆ ನಮ್ಮ ಶಿಕ್ಷಕರಿಗೆ ಒಂದು ಕೆಲಸದ ವಿಷಯ. ನಮ್ಮ ಶನಿವಾರದ ಬಾಡಿಗೆ ಕೋಣೆಯಲ್ಲಿ ಬ್ಲೈಂಡ್ಸ್ ಪೂರ್ತಿ ಇಳಿಸಿ, ಟ್ಯೂಬ್‌ಲೈಟ್ ಹಾಕಿ ಪಾಠ ನಡೆಯುತ್ತಿದೆ. ಅವು ಅಡ್ಡಪಟ್ಟಿಯ ಬ್ಲೈಂಡ್ಸ್. ಇಳಿಸಿಯೇ ಇಡಿ, ಪರವಾಗಿಲ್ಲ. ಆದರೆ ಪಟ್ಟಿಗಳ ಒಳಅಂಚು ಸ್ವಲ್ಪ ಮೇಲಕ್ಕೆ ಬರುವ ಹಾಗೆ ಆ ಕಡ್ಡಿಯನ್ನು ತಿರುಗಿಸಿ. ಬೆಳಕು ಸೀಲಿಂಗಿನ ಕಡೆಗೆ ಹೋಗಬೇಕು. ಹಾಗೆ ತಿರುಗಿಸಿದಾಗ ಬಿಸಿಲು ಸಂದಿಯಲ್ಲಿ ನುಗ್ಗಿ ಮುಂದಿನ ಸಾಲಿಗೆ ಬಿದ್ದರೆ ಇನ್ನೊಂದಿಷ್ಟು ಮುಚ್ಚಿ. ಆಮೇಲೆ ಟ್ಯೂಬ್‌ಲೈಟ್ ಆರಿಸಿ, ಎರಡು ನಿಮಿಷ ಕಣ್ಣು ಹೊಂದಿಕೊಳ್ಳಲು ಬಿಟ್ಟು, ಕೊನೆಯ ಸಾಲಿನಲ್ಲಿ ಕೂತವರಿಗೆ ಹಲಗೆಯ ಮೇಲಿನ ಒತ್ತಕ್ಷರ ಕಾಣುತ್ತದೆಯೇ ಎಂದು ಕೇಳಿ. ಕಾಣದಿದ್ದರೆ ನನಗೆ ಫೋನ್ ಮಾಡಿ, ಲಕ್ಸ್ ಮೀಟರ್ ತೆಗೆದುಕೊಂಡು ಬರುತ್ತೇನೆ. ಡೆಸ್ಕಿನ ಮೇಲೆ 300 ಲಕ್ಸ್ ಸಿಕ್ಕರೆ ನಮಗೆ ಸಾಕು.